ಬಾವುಟ ಇದೆ, ವಿಮೆ ಎಲ್ಲಿ?

ಗೆಳೆಯರೇ, ನಿಮ್ಮ ಬೈಕಿನ ಟ್ಯಾಂಕಿನ ಮೇಲೆ ಅರಿಶಿನ-ಕುಂಕುಮ ಬಣ್ಣದ ಸ್ಟಿಕ್ಕರ್ ಇದೆ. ಹಿಂದಿನ ಮಡ್‌ಗಾರ್ಡಿನ ಮೇಲೆ ಅಣ್ಣಾವ್ರು ನಗುತ್ತಿದ್ದಾರೆ. ನವೆಂಬರ್ ಒಂದು ಬಂತೆಂದರೆ ಹ್ಯಾಂಡಲ್ಲಿಗೆ ಬಾವುಟ ಕಟ್ಟಿ, ಸೈಲೆನ್ಸರ್ ಗುಡುಗಿಸಿಕೊಂಡು ಊರೆಲ್ಲ ಸುತ್ತುತ್ತೀರಿ. ಸಂತೋಷ. ಕನ್ನಡದ ಹುಡುಗರು ಬೀದಿಗೆ ಬರಬೇಕು, ಬರಲಿ.

ಈಗ ಒಂದೇ ಒಂದು ಪ್ರಶ್ನೆ. ಆ ಬೈಕಿಗೆ ವಿಮೆ ಇದೆಯೇ?

ಯಾಕೆ, ಸದ್ದು ನಿಂತುಹೋಯಿತೇ? ಕಳೆದ ವರ್ಷ ಮುಗಿದಿತ್ತು, ಕಟ್ಟಬೇಕು ಅಂದುಕೊಂಡಿದ್ದೆ ಎನ್ನುತ್ತೀರಿ. ಚಾಮರಾಜನಗರದ ಸಂತೇಮರಹಳ್ಳಿ ಸರ್ಕಲ್ಲಿನಲ್ಲಿ ನಿಂತು ಕೇಳಿದರೂ ಇದೇ ಉತ್ತರ, ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರು ಕೇಳಿದರೂ ಇದೇ ಉತ್ತರ. ನಮ್ಮ ಕಡೆಯ ಹುಡುಗರು ಇನ್ನೂ ಒಂದು ಮಾತು ಸೇರಿಸುತ್ತಾರೆ: "ಬುಡಿ ಸಾ, ಯಾವನ್ ಹಿಡ್ದಾನು?"

ಈ ರೋಗ ನಮ್ಮ ಗಡಿ ಜಿಲ್ಲೆಯದ್ದು ಮಾತ್ರವಲ್ಲ. ದೇಶದ ರಸ್ತೆಗಳ ಮೇಲಿರುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ವಿಮೆಯೇ ಇಲ್ಲ ಎಂಬ ಮಾತು 2024ರಲ್ಲಿ ಸಂಸತ್ತಿನ ಹಣಕಾಸು ಸ್ಥಾಯಿ ಸಮಿತಿಯ ವರದಿಯಲ್ಲೇ ಬಂತು. ನಿಮ್ಮ ಎದುರಿನಿಂದ ಬರುವ ಎರಡು ಗಾಡಿಗಳಲ್ಲಿ ಒಂದು, ನಿಮ್ಮ ಕಾಲು ಮುರಿದರೆ ಕೈ ಝಾಡಿಸಿ ಹೋಗುವ ಗಾಡಿ ಎಂದಾಯಿತು. ಅದು ನಿಮ್ಮದೇ ಗಾಡಿಯಾಗಿದ್ದರೆ?

ದಂಡದ ಲೆಕ್ಕ

ಕಾನೂನು ಹೊಸದೇನಲ್ಲ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಮು ನೇರವಾಗಿ ಹೇಳುತ್ತದೆ: ಮೂರನೆಯವರಿಗೆ ಆಗುವ ಹಾನಿಗೆ ವಿಮೆ ಇಲ್ಲದ ಗಾಡಿಯನ್ನು ಸಾರ್ವಜನಿಕ ಜಾಗದಲ್ಲಿ ಓಡಿಸಕೂಡದು, ಬೇರೆಯವರ ಕೈಗೆ ಕೊಟ್ಟು ಓಡಿಸಲೂ ಕೂಡದು. ತಪ್ಪಿದರೆ 196ನೇ ಕಲಮು. ಹಿಂದೆ ಇದಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇತ್ತು. 2019ರ ತಿದ್ದುಪಡಿ ಅದನ್ನು ಮೊದಲ ಸಲಕ್ಕೆ 2,000, ಮತ್ತೆ ಸಿಕ್ಕಿಬಿದ್ದರೆ 4,000 ರೂಪಾಯಿ ಮಾಡಿತು. ಜೈಲಿನ ಮಾತು ಹಾಗೇ ಉಳಿಯಿತು.

2019ರ ಸೆಪ್ಟೆಂಬರ್ ಒಂದರಂದು ಆ ಹೊಸ ದಂಡಗಳು ಜಾರಿಯಾದಾಗ ಎದ್ದ ಗದ್ದಲ ನೆನಪಿದೆಯೇ? ಟೀವಿಯವರು ದಿನವಿಡೀ ಬೊಬ್ಬೆ ಹೊಡೆದರು. ನಮ್ಮ ರಾಜ್ಯ ಸರ್ಕಾರ ಅದೇ ತಿಂಗಳು ಹಲವು ದಂಡಗಳನ್ನು ಇಳಿಸಿ ಕೈತೊಳೆದುಕೊಂಡಿತು. ಸಾವಿರವೋ ಎರಡು ಸಾವಿರವೋ ಎಂದು ಎಲ್ಲರೂ ಚೌಕಾಸಿ ಮಾಡಿದರು. ಆ ಗದ್ದಲದಲ್ಲಿ ಒಬ್ಬನಾದರೂ ಇನ್ನೊಂದು ಪ್ರಶ್ನೆ ಕೇಳಿದನೇ? ಆ ದಂಡದ ದುಡ್ಡು ಯಾರಿಗೆ ಹೋಗುತ್ತದೆ?

ಖಜಾನೆಗೆ ಹೋಗುತ್ತದೆ ಸ್ವಾಮಿ! ನೀವು ಎರಡು ಸಾವಿರ ಕಟ್ಟಿ ರಸೀದಿ ಜೇಬಿಗಿಟ್ಟುಕೊಂಡು ಮುಂದೆ ಹೋದರೆ ನಿಮ್ಮ ಗಾಡಿಗೆ ವಿಮೆ ಬಂದಂತಾಗುವುದಿಲ್ಲ. ಮುಂದಿನ ತಿರುವಿನಲ್ಲಿ ಒಬ್ಬ ಮುದುಕನಿಗೆ ಗುದ್ದಿದರೆ ಆ ರಸೀದಿಯಿಂದ ಅವನಿಗೆ ಒಂದು ಮಾತ್ರೆಯೂ ಸಿಗುವುದಿಲ್ಲ. ದಂಡ ಪೊಲೀಸರ ವ್ಯವಹಾರ. ವಿಮೆ ರಸ್ತೆಯಲ್ಲಿ ನಡೆಯುವವನ ವ್ಯವಹಾರ. ಇವೆರಡನ್ನೂ ಒಂದೇ ಎಂದು ತಿಳಿದಿರುವುದರಿಂದಲೇ "ಯಾವನ್ ಹಿಡ್ದಾನು" ಎಂಬ ಮಾತು ಹುಟ್ಟಿದ್ದು.

ರಸ್ತೆಯಲ್ಲಿ ಯಾರಿದ್ದಾರೆ?

ಬೆಂಗಳೂರು, ಮೈಸೂರಿನ ಗೆಳೆಯರೇ, ಶನಿವಾರ ಬಂತೆಂದರೆ ನೀವು ನಮ್ಮ ಕಡೆ ಬರುತ್ತೀರಿ. ಮೈಸೂರಿನಿಂದ ಬರುವ ಹೆದ್ದಾರಿ ಗುಂಡ್ಲುಪೇಟೆಯಲ್ಲಿ ಕವಲೊಡೆಯುತ್ತದೆ. 766ನೇ ಹೆದ್ದಾರಿ ಮದ್ದೂರು, ಮೂಲೆಹೊಳೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಗೆ ಹೋಗುತ್ತದೆ. 181ನೇ ಹೆದ್ದಾರಿ ಹಂಗಳ, ಬಂಡೀಪುರ ದಾಟಿ ಗೂಡಲೂರು, ಊಟಿಗೆ ಏರುತ್ತದೆ. ಆ ಕಡೆ ಚಾಮರಾಜನಗರದಿಂದ 948ನೇ ಹೆದ್ದಾರಿ ಪುಣಜನೂರು ಗೇಟು ದಾಟಿ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲ ಸೇರುತ್ತದೆ. ಒಂದು ಜಿಲ್ಲೆಗೆ ಎರಡು ರಾಜ್ಯಗಳ ಬಾಗಿಲು!

ಬಂಡೀಪುರದ ಕಾಡಿನಲ್ಲಿ 2009ರಿಂದ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಸಂಚಾರ ನಿಷೇಧ. ಕಾಡಿಗೆ, ಪ್ರಾಣಿಗಳಿಗೆ ಒಳ್ಳೆಯದು. ಆದರೆ ಒಂಬತ್ತರೊಳಗೆ ಗೇಟು ದಾಟಬೇಕೆಂಬ ಧಾವಂತದಲ್ಲಿ ಬೇಗೂರಿನಿಂದ ಗುಂಡ್ಲುಪೇಟೆಯವರೆಗೆ ಗಾಡಿಗಳು ಹೇಗೆ ಹಾರುತ್ತವೆ ಎಂದು ಒಂದು ಸಂಜೆ ನಿಂತು ನೋಡಿ. ಅದೇ ರಸ್ತೆಯ ಅಂಚಿನಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಬರುತ್ತಿರುತ್ತಾಳೆ. ಚೆಂಡು ಹೂವು ಬಿಡಿಸಿ ಮನೆಗೆ ಹೊರಟ ಕೂಲಿ ಹೆಣ್ಣುಮಕ್ಕಳು ಇರುತ್ತಾರೆ. ಟೊಮೆಟೊ, ಸಣ್ಣ ಈರುಳ್ಳಿ, ಬಾಳೆಗೊನೆ ಮಾರಿ ಬರುವ ರೈತನ ಟೀವಿಎಸ್ ಇರುತ್ತದೆ. ಆ ಹೂವಿನ ಹೊಲದ ಎದುರು ಫೋಟೋಗೆ ಅಂತ ಹೆದ್ದಾರಿಯಲ್ಲೇ ಗಾಡಿ ನಿಲ್ಲಿಸಿದ ನೀವೂ ಇರುತ್ತೀರಿ.

ಚಾಮರಾಜನಗರಕ್ಕೆ ಕಾಲಿಟ್ಟರೆ ಕುರ್ಚಿ ಹೋಗುತ್ತದೆ ಎಂದು ಹೆದರಿ ವರ್ಷಗಟ್ಟಲೆ ಈ ಕಡೆ ತಲೆ ಹಾಕದ ಮುಖ್ಯಮಂತ್ರಿಗಳನ್ನು ನಾವು ಕಂಡಿದ್ದೇವೆ. ಇಲ್ಲದ ಶಾಪಕ್ಕೆ ಅವರು ಹೆದರಿದರು. ವಿಮೆ ಇಲ್ಲದ ಗಾಡಿ ಏರಿ ಬರುವ ನೀವು ಇರುವ ಅಪಾಯಕ್ಕೂ ಹೆದರುವುದಿಲ್ಲ!

ಮೂರನೆಯವನು ಯಾರು?

"ಥರ್ಡ್ ಪಾರ್ಟಿ" ಎಂಬ ಮಾತನ್ನು ಎಲ್ಲರೂ ಆಡುತ್ತಾರೆ. ಅರ್ಥ ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ. ಬಹಳ ಸರಳ. ಒಂದನೆಯವನು ಗಾಡಿಯ ಮಾಲೀಕ. ಎರಡನೆಯವನು ವಿಮಾ ಕಂಪನಿ. ಮೂರನೆಯವನು ಈ ಇಬ್ಬರಿಗೂ ಸಂಬಂಧವೇ ಇಲ್ಲದ, ರಸ್ತೆಯಲ್ಲಿ ತನ್ನ ಪಾಡಿಗೆ ತಾನು ಹೋಗುತ್ತಿದ್ದ ಮನುಷ್ಯ. ಪಾಲಿಸಿಯ ಮೇಲೆ ಅವನ ಸಹಿ ಇಲ್ಲ, ಹೆಸರಿಲ್ಲ. ಆದರೂ ಆ ಕಾಗದ ಇರುವುದು ಅವನಿಗಾಗಿ. ನಿಮ್ಮ ಗಾಡಿಯ ಬಂಪರ್ ರಿಪೇರಿಗೆ ಬೇಕಾದ್ದು ಬೇರೆ ವಿಮೆ, ಅದು ನಿಮ್ಮ ಇಷ್ಟ. ಕಾನೂನು ಕಡ್ಡಾಯ ಮಾಡಿರುವುದು ಈ ಮೂರನೆಯವನ ವಿಮೆಯನ್ನು ಮಾತ್ರ.

ಇದಕ್ಕೆ ಬೆಲೆ ಎಷ್ಟು? 2022ರ ಜೂನ್ ಒಂದರಿಂದ ಜಾರಿಗೆ ಬಂದ ದರದ ಪ್ರಕಾರ, 75 ಸಿಸಿ ಮೀರಿದ, 150 ಸಿಸಿ ಒಳಗಿನ ಬೈಕಿಗೆ ವರ್ಷಕ್ಕೆ 714 ರೂಪಾಯಿ. ನಮ್ಮ ಕಡೆ ಓಡುವ ಬೈಕುಗಳಲ್ಲಿ ಹೆಚ್ಚಿನವು ಇದರೊಳಗೇ ಬರುತ್ತವೆ. 150ರಿಂದ 350 ಸಿಸಿಯ ಗುಡುಗುವ ಗಾಡಿಗೆ 1,366 ರೂಪಾಯಿ. 1000 ಸಿಸಿ ಒಳಗಿನ ಸಣ್ಣ ಕಾರಿಗೆ 2,094 ರೂಪಾಯಿ. ಇದರ ಮೇಲೆ ಶೇಕಡ 18 ತೆರಿಗೆ. ಬೈಕಿನ ಲೆಕ್ಕ ಹಾಕಿ ನೋಡಿ, ತೆರಿಗೆ ಸೇರಿ ದಿನಕ್ಕೆ ಎರಡೂವರೆ ರೂಪಾಯಿಯೂ ಆಗುವುದಿಲ್ಲ. ಒಂದು ಅರ್ಧ ಟೀಗೆ ಇದಕ್ಕಿಂತ ಹೆಚ್ಚು ಕೊಡುತ್ತೀರಿ. ಸಿಕ್ಕಿಬಿದ್ದರೆ ಕಟ್ಟುವ ದಂಡ ವಿಮೆಯ ಕಂತಿಗಿಂತ ದುಬಾರಿ!

ಇನ್ನೊಂದು ಕಡೆ ಎಡವುವವರಿದ್ದಾರೆ. 2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ಅದರಂತೆ 2018ರ ಸೆಪ್ಟೆಂಬರ್ ಒಂದರಿಂದ ಹೊಸ ಬೈಕು ಕೊಳ್ಳುವಾಗಲೇ ಐದು ವರ್ಷದ, ಹೊಸ ಕಾರು ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಮಾಡಿಸಬೇಕು. ಒಳ್ಳೆಯ ಆದೇಶ. ಆದರೆ ಆರನೇ ವರ್ಷ? ಬೆಂಗಳೂರಿನಲ್ಲಿ ಐದು ವರ್ಷ ಓಡಿದ ಬೈಕು ಆರನೇ ವರ್ಷಕ್ಕೆ ಸೆಕೆಂಡ್ ಹ್ಯಾಂಡ್ ಆಗಿ ನಮ್ಮ ಹಳ್ಳಿಗೆ ಬರುತ್ತದೆ. ಅದರ ಜೊತೆ ಬಂದ ವಿಮೆಗೂ ಅಷ್ಟರಲ್ಲಿ ಆಯಸ್ಸು ಮುಗಿದಿರುತ್ತದೆ. ಕೊಟ್ಟವನು ಹೇಳುವುದಿಲ್ಲ, ಕೊಂಡವನು ಕೇಳುವುದಿಲ್ಲ.

ಗುದ್ದಿದ ಮೇಲೆ

ಈಗ ಬನ್ನಿ, ನಿಜವಾದ ಲೆಕ್ಕಕ್ಕೆ. ತಿಂಗಳಿಗೆ 12,000 ರೂಪಾಯಿ ದುಡಿಯುವ 25 ವರ್ಷದ ಒಬ್ಬ ಗಾರೆ ಕೆಲಸದವನು ಎಂದು ಇಟ್ಟುಕೊಳ್ಳಿ. ಹೆಂಡತಿ, ಒಂದು ಮಗು, ತಾಯಿ ಅವನ ದುಡಿಮೆಯನ್ನೇ ನಂಬಿದ್ದಾರೆ. ನಿಮ್ಮ ಅಜಾಗರೂಕತೆಯಿಂದ ಅವನು ಸತ್ತ. ಅವನ ಮನೆಯವರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುತ್ತಾರೆ.

ಅಲ್ಲಿ ಲೆಕ್ಕ ಹಾಕುವ ಕ್ರಮವನ್ನು ಸುಪ್ರೀಂ ಕೋರ್ಟ್ 2009 ಮತ್ತು 2017ರ ತೀರ್ಪುಗಳಲ್ಲಿ ನಿಗದಿ ಮಾಡಿದೆ. ವರ್ಷದ ದುಡಿಮೆ 1,44,000. ಮುಂದೆ ದುಡಿಮೆ ಹೆಚ್ಚುತ್ತಿತ್ತೆಂದು ಶೇಕಡ 40 ಸೇರಿಸಿದರೆ 2,01,600. ಅವನ ಸ್ವಂತ ಖರ್ಚೆಂದು ಮೂರರಲ್ಲಿ ಒಂದು ಪಾಲು ಕಳೆದರೆ 1,34,400. ಆ ವಯಸ್ಸಿಗೆ ಗುಣಕ 18. ಗುಣಿಸಿದರೆ 24,19,200 ರೂಪಾಯಿ! ಅಂತ್ಯಕ್ರಿಯೆ ಇತ್ಯಾದಿ ಇನ್ನೂ ಸೇರಬೇಕು. ಬಡ್ಡಿ ಬೇರೆ.

ವಿಮೆ ಇದ್ದರೆ ಇದನ್ನು ಕಟ್ಟುವುದು ಕಂಪನಿ. ವಿಮೆ ಇಲ್ಲದಿದ್ದರೆ? ನೀವು. ಬೈಕು ಅಪ್ಪನ ಹೆಸರಿನಲ್ಲಿದ್ದರೆ ನಿಮ್ಮಪ್ಪ. ಕಟ್ಟದಿದ್ದರೆ 174ನೇ ಕಲಮಿನ ಪ್ರಕಾರ ಭೂಕಂದಾಯದ ಬಾಕಿ ವಸೂಲಿ ಮಾಡಿದಂತೆ ವಸೂಲಿ. ತೆರಕಣಾಂಬಿ ಹತ್ತಿರ ಅಪ್ಪ ಉಳಿಸಿಕೊಂಡಿರುವ ಒಂದೂವರೆ ಎಕರೆ ಹೊಲಕ್ಕೆ ನೋಟೀಸು ಬರುತ್ತದೆ. ಮಗನ ಎರಡೂವರೆ ರೂಪಾಯಿಯ ಉಳಿತಾಯಕ್ಕೆ ಅಪ್ಪನ ಹೊಲ!

"ತಪ್ಪು ನಂದಲ್ಲ" ಎನ್ನುತ್ತೀರಾ? 2022ರ ಏಪ್ರಿಲ್ ಒಂದರಿಂದ ಜಾರಿಯಲ್ಲಿರುವ 164ನೇ ಕಲಮು ನೋಡಿ. ಯಾರ ತಪ್ಪು ಎಂದು ಸಾಬೀತು ಮಾಡದೆಯೂ ಸತ್ತವರ ಕುಟುಂಬ 5 ಲಕ್ಷ, ತೀವ್ರ ಗಾಯವಾದವರು ಎರಡೂವರೆ ಲಕ್ಷ ಕೇಳಬಹುದು. ಕೊಡಬೇಕಾದವರು ಗಾಡಿಯ ಮಾಲೀಕ ಇಲ್ಲವೇ ವಿಮಾ ಕಂಪನಿ. ಕಂಪನಿಯೇ ಇಲ್ಲದಿದ್ದರೆ ಉಳಿಯುವವರು ಯಾರು, ನೀವೇ ಹೇಳಿ.

ಪೊಲೀಸು ಠಾಣೆಯಲ್ಲಿ ನಿಂತ ಬೈಕನ್ನು ಬಿಡಿಸಿಕೊಂಡು ಬರುತ್ತೇನೆ ಎಂಬ ಭ್ರಮೆಯೂ ಬೇಡ. ವಿಮೆ ಇಲ್ಲದ ಗಾಡಿ ಅಪಘಾತ ಮಾಡಿದರೆ ಮಾಲೀಕ ಭದ್ರತೆ ಕೊಡದೆ ಅದನ್ನು ಬಿಡಬಾರದು, ಕೊಡದಿದ್ದರೆ ಹರಾಜು ಹಾಕಿ ಹಣವನ್ನು ನ್ಯಾಯಮಂಡಳಿಗೆ ಕಟ್ಟಬೇಕು ಎಂಬ ನಿಯಮವನ್ನು ಎಲ್ಲ ರಾಜ್ಯಗಳೂ ಮಾಡಬೇಕೆಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಆದರೆ ಇದರಲ್ಲಿ ಅತ್ಯಂತ ದೊಡ್ಡ ಅನ್ಯಾಯ ನಿಮಗಾಗುವುದಲ್ಲ. ನಿಮ್ಮ ಹತ್ತಿರ ಹೊಲವೂ ಇಲ್ಲ, ಮನೆಯೂ ಇಲ್ಲ ಎನ್ನಿ. ಕೋರ್ಟು ಇಪ್ಪತ್ತನಾಲ್ಕು ಲಕ್ಷದ ಆದೇಶ ಕೊಟ್ಟರೂ ಆ ಗಾರೆ ಕೆಲಸದವನ ಹೆಂಡತಿ ಏನನ್ನು ವಸೂಲಿ ಮಾಡಬೇಕು? ನಿಮ್ಮ ಚಪ್ಪಲಿಯನ್ನೇ? ಗುದ್ದಿ ಓಡಿಹೋದ ಗಾಡಿ ಯಾವುದೆಂದು ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರವಾದರೂ ಇದೆ. ನೀವು ಓಡಿಹೋಗದೆ ನಿಂತು, ಹೆಸರು ಹೇಳಿ, ಆಸ್ಪತ್ರೆಗೂ ಸೇರಿಸಿದಿರಿ. ಆದರೆ ವಿಮೆ ಇಲ್ಲ, ಕೈಯಲ್ಲಿ ಕಾಸಿಲ್ಲ. ಆಗ ಅವಳ ಕೈಗೆ ಬರುವುದು ಕೋರ್ಟಿನ ಕಾಗದ ಮಾತ್ರ. ಇಂಗ್ಲೆಂಡಿನಲ್ಲಿ ಇಂಥ ಸಂದರ್ಭಕ್ಕೆಂದೇ ವಿಮಾ ಕಂಪನಿಗಳೆಲ್ಲ ಸೇರಿ 1946ರಲ್ಲೇ ಒಂದು ಸಂಸ್ಥೆ ಕಟ್ಟಿಕೊಂಡವು. ವಿಮೆ ಇಲ್ಲದವನು ಗುದ್ದಿದರೆ ಅದು ಪರಿಹಾರ ಕೊಡುತ್ತದೆ. ನಮ್ಮಲ್ಲಿ ನಿಮ್ಮ 714 ರೂಪಾಯಿಯೇ ಆ ಹೆಂಗಸಿಗೆ ಇರುವ ಆಸರೆ.

ಅಚ್ಚಿನ ಮನೆಯಿಂದ ಎರಡು ಮಾತು

ನಾನು ಪ್ರೆಸ್ ಇಟ್ಟುಕೊಂಡಿರುವವನು. ಪಿಯುಸಿ ಓದಿ ಮೊಳೆ ಜೋಡಿಸುವುದರಿಂದ ಶುರು ಮಾಡಿ ಈಗ ಕಂಪ್ಯೂಟರ್, ಆಫ್‌ಸೆಟ್ ಎಲ್ಲ ಕಂಡವನು. ನನ್ನ ಮೇಜಿನ ಮೇಲೆ ಬರುವ ಕೆಲಸದಲ್ಲಿ ಮದುವೆ ಕಾರ್ಡು, ಬಿಲ್ ಬುಕ್ಕು, ಜಾತ್ರೆಯ ಕರಪತ್ರದ ಜೊತೆಗೆ ಇನ್ನೊಂದು ಇದೆ: "ಭಾವಪೂರ್ಣ ಶ್ರದ್ಧಾಂಜಲಿ". ಇಪ್ಪತ್ತೆರಡು, ಇಪ್ಪತ್ತಮೂರು ವರ್ಷದ ಹುಡುಗ, ಕೂಲಿಂಗ್ ಗ್ಲಾಸು, ಬೈಕಿನ ಮೇಲೆ ಕೂತ ಫೋಟೋ. ಕೆಳಗೆ ಗೆಳೆಯರ ಬಳಗ ಎಂದು ಮೂವತ್ತು ಹೆಸರು. ಆ ಮೂವತ್ತು ಜನ ತಲಾ ನೂರು ರೂಪಾಯಿ ಹಾಕಿ ಫ್ಲೆಕ್ಸ್ ಮಾಡಿಸುತ್ತಾರೆ. ಆ ಮೂವತ್ತು ಜನರಲ್ಲಿ ಎಷ್ಟು ಜನರ ಗಾಡಿಗೆ ವಿಮೆ ಇದೆ ಎಂದು ನಾನು ಕೇಳಿದ್ದೇನೆ. ತಲೆ ತಗ್ಗಿಸುತ್ತಾರೆ.

ಇನ್ನು ಕೆಲವರು ಬರುತ್ತಾರೆ. ಹಳೆಯ ಪಾಲಿಸಿ ಹಿಡಿದುಕೊಂಡು, "ಅಣ್ಣ, ಇದರಲ್ಲಿ ಡೇಟ್ ಒಂದು ಬದಲಾಯಿಸಿ ಪ್ರಿಂಟ್ ಕೊಡಣ್ಣ" ಎನ್ನುತ್ತಾರೆ. ಬೈದು ಕಳಿಸಿದ್ದೇನೆ. ಅದು ಫೋರ್ಜರಿ, ಜೈಲಿಗೆ ಹೋಗುವ ಕೆಲಸ. ಅದೂ ಅಲ್ಲದೆ ಈಗ ಪೊಲೀಸರು ಗಾಡಿಯ ನಂಬರ್ ಒತ್ತಿದರೆ ವಿಮೆ ಯಾವತ್ತು ಮುಗಿದಿದೆ ಎಂದು ಅವರ ಮೊಬೈಲಿನಲ್ಲೇ ಕಾಣುತ್ತದೆ. ಕಾಗದ ತಿದ್ದಿ ಯಾರ ಕಣ್ಣಿಗೆ ಮಣ್ಣೆರಚುತ್ತೀರಿ? ಆ ಮಣ್ಣು ಕೊನೆಗೆ ಬೀಳುವುದು ಗಾಯಗೊಂಡವನ ಕಣ್ಣಿಗೆ.

ಆ ಸಣ್ಣ ಅಕ್ಷರ ಯಾವ ಭಾಷೆಯಲ್ಲಿದೆ?

ಇಲ್ಲಿ ನಮ್ಮ ಭಾಷೆಯ ಪ್ರಶ್ನೆ ಬರುತ್ತದೆ. ಎಳೆದು ತಂದದ್ದಲ್ಲ, ತಾನಾಗಿ ಬರುತ್ತದೆ.

ನಿಮ್ಮ ಪಾಲಿಸಿಯನ್ನು ಕೈಗೆತ್ತಿಕೊಂಡು ನೋಡಿ. ಅಚ್ಚಿನ ಕೆಲಸದವನಾಗಿ ಹೇಳುತ್ತೇನೆ, ಅಷ್ಟು ಸಣ್ಣ ಅಕ್ಷರದಲ್ಲಿ ಯಾರೂ ಓದಲೆಂದು ಅಚ್ಚು ಮಾಡುವುದಿಲ್ಲ. ಅದೂ ಇಂಗ್ಲಿಷಿನಲ್ಲಿ. ಅದರ ನಡುವೆ "ಲಿಮಿಟೇಷನ್ಸ್ ಆಸ್ ಟು ಯೂಸ್" ಎಂಬ ಒಂದು ಸಾಲಿದೆ. ಗಾಡಿಯನ್ನು ಯಾವುದಕ್ಕೆ ಬಳಸಬಹುದು, ಯಾವುದಕ್ಕೆ ಬಳಸಬಾರದು ಎಂಬ ಮಾತು ಅಲ್ಲಿದೆ. ಅದು ಕನ್ನಡದಲ್ಲಿ ಇಲ್ಲದ್ದಕ್ಕೆ ಏನಾಗುತ್ತದೆ ನೋಡಿ.

ಗುಂಡ್ಲುಪೇಟೆ ಸುತ್ತಮುತ್ತ ಬೆಳಿಗ್ಗೆ ಸಣ್ಣ ಗೂಡ್ಸ್ ಗಾಡಿಗಳಲ್ಲಿ ಇಪ್ಪತ್ತು, ಇಪ್ಪತ್ತೈದು ಜನ ಹೆಣ್ಣುಮಕ್ಕಳನ್ನು ನಿಲ್ಲಿಸಿಕೊಂಡು ಹೊಲದ ಕೆಲಸಕ್ಕೆ ಕರೆದೊಯ್ಯುತ್ತಾರೆ. ಮದುವೆಗೆ, ಬೀಗರೂಟಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋಗುವವರೂ ಹೀಗೇ ಹೋಗುತ್ತಾರೆ. ಮಾಲೀಕನನ್ನು ಕೇಳಿದರೆ "ಇನ್ಸೂರೆನ್ಸ್ ಕಟ್ಟಿದ್ದೀನಿ ಸಾರ್" ಎನ್ನುತ್ತಾನೆ. ಸುಳ್ಳಲ್ಲ, ಕಟ್ಟಿದ್ದಾನೆ. ಆದರೆ ಗೂಡ್ಸ್ ಗಾಡಿಯಲ್ಲಿ ಪುಕ್ಕಟೆ ಹತ್ತಿಸಿಕೊಂಡ ಜನರಿಗೆ ಕಂಪನಿ ಹೊಣೆಯಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ತೀರ್ಪು ಕೊಟ್ಟಿದೆ. 1994ರ ತಿದ್ದುಪಡಿಯಿಂದ ರಕ್ಷಣೆ ಸಿಕ್ಕಿದ್ದು ಸರಕಿನ ಮಾಲೀಕನಿಗೆ, ಇಲ್ಲವೇ ಅವನ ಪ್ರತಿನಿಧಿಗೆ. ತನ್ನ ಟೊಮೆಟೊ ಕ್ರೇಟಿನ ಜೊತೆ ಮಾರುಕಟ್ಟೆಗೆ ಹೋಗುವ ರೈತನಿಗೆ ವಿಮೆ ಉಂಟು. ಆ ಟೊಮೆಟೊ ಕಿತ್ತುಕೊಡಲು ಅದೇ ಗಾಡಿಯಲ್ಲಿ ನಿಂತು ಹೋದ ಕೂಲಿಯವಳಿಗೆ ಇಲ್ಲ!

ಈ ಒಂದು ಸಾಲು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲಿ ಪಾಲಿಸಿಯ ಮೊದಲ ಪುಟದಲ್ಲಿದ್ದಿದ್ದರೆ? "ಈ ಗಾಡಿಯಲ್ಲಿ ಜನರನ್ನು ಸಾಗಿಸಿದರೆ ವಿಮೆ ಇಲ್ಲ" ಎಂದು ಆರೇ ಪದ. ಅಚ್ಚು ಮಾಡಲು ಮಸಿ ಎಷ್ಟು ಖರ್ಚಾದೀತು? ಬೋರ್ಡುಗಳಲ್ಲಿ ಕನ್ನಡ ಬೇಕೆಂದು ಹೋರಾಡಿದ್ದೇವೆ, ಹೋರಾಡಬೇಕು. ಆದರೆ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಅಂಗಡಿ ಸಿಕ್ಕುವುದಿಲ್ಲ ಅಷ್ಟೆ. ಪಾಲಿಸಿಯಲ್ಲಿ ಕನ್ನಡ ಇಲ್ಲದಿದ್ದರೆ ಒಂದು ಸಂಸಾರ ಬೀದಿಗೆ ಬೀಳುತ್ತದೆ.

ಕಾನೂನಿನಲ್ಲಿ ಇದಕ್ಕೆ ದಾರಿ ಇಲ್ಲವೆಂದೇನಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2002ರಲ್ಲೇ ಹೊರಡಿಸಿದ ನಿಯಮಗಳಲ್ಲಿ, ವಿಮೆಯ ಅರ್ಜಿ ಮತ್ತು ದಾಖಲೆಗಳನ್ನು ಸಂವಿಧಾನ ಮಾನ್ಯ ಮಾಡಿದ ಭಾಷೆಗಳಲ್ಲಿ ಒದಗಿಸಬಹುದು ಎಂದು ಹೇಳಿತ್ತು. "ಬಹುದು!" ಕೊಡಲೇಬೇಕು ಎಂದಲ್ಲ. ಆರೋಗ್ಯ ವಿಮೆಯ ಮಾಹಿತಿ ಹಾಳೆಯನ್ನು ಗ್ರಾಹಕ ಬಯಸಿದರೆ ಸ್ಥಳೀಯ ಭಾಷೆಯಲ್ಲಿ ಕೊಡಬೇಕೆಂದು 2023ರಲ್ಲಿ ಪ್ರಾಧಿಕಾರ ಸುತ್ತೋಲೆ ಹೊರಡಿಸಿತು. ಬಯಸಿದರೆ ಎಂದರೆ ಕೇಳಿದರೆ ಎಂದರ್ಥ. ಬಾಯಿಬಿಟ್ಟು ಕೇಳುವವರೇ ಇಲ್ಲದಿದ್ದರೆ ಕಂಪನಿಯವನು ಯಾಕೆ ಕೊಟ್ಟಾನು? ಬೈಕಿನ ವಿಮೆ ಮಾಡಿಸುವಾಗಲೂ ಇದೇ ಮಾತನ್ನು ಕೇಳಿ, ಬರವಣಿಗೆಯಲ್ಲಿ ಕೇಳಿ. ನೂರು ಜನ ಕೇಳಿದರೆ ಅದು ಅರ್ಜಿ, ಹತ್ತು ಸಾವಿರ ಜನ ಕೇಳಿದರೆ ಅದು ಚಳವಳಿ.

ಗಡಿ ದಾಟಿದಾಗ

ನಮ್ಮ ಜಿಲ್ಲೆಯವರು ದಿನ ಬೆಳಗಾದರೆ ಗಡಿ ದಾಟುತ್ತಾರೆ. ತಾಳವಾಡಿ, ಗಾಜನೂರು ಇರುವುದು ತಮಿಳುನಾಡಿನಲ್ಲಿ, ಆದರೆ ಅಲ್ಲಿ ಮನೆ ಮನೆಯಲ್ಲಿ ಕನ್ನಡವಿದೆ, ನಮ್ಮ ನೆಂಟರಿದ್ದಾರೆ. ಸತ್ಯಮಂಗಲದಲ್ಲೋ, ಗೂಡಲೂರಿನಲ್ಲೋ, ಬತ್ತೇರಿಯಲ್ಲೋ ಅಪಘಾತವಾದರೆ ಅಲ್ಲಿಯೇ ಕೋರ್ಟಿಗೆ ಅಲೆಯಬೇಕು, ಗೊತ್ತಿಲ್ಲದ ಭಾಷೆಯಲ್ಲಿ ಹೆಣಗಬೇಕು ಎಂದು ತಿಳಿದು ಎಷ್ಟೋ ಕುಟುಂಬಗಳು ಕೈಚೆಲ್ಲುತ್ತವೆ. ಬೇಡ! 166ನೇ ಕಲಮು ಆಯ್ಕೆಯನ್ನು ನಿಮಗೇ ಬಿಟ್ಟಿದೆ. ಅಪಘಾತ ನಡೆದ ಜಾಗದಲ್ಲಿ, ಇಲ್ಲವೇ ಪರಿಹಾರ ಕೇಳುವವರು ವಾಸವಿರುವ ಜಾಗದಲ್ಲಿ, ಇಲ್ಲವೇ ಎದುರಾಳಿ ವಾಸವಿರುವ ಜಾಗದಲ್ಲಿ ಅರ್ಜಿ ಹಾಕಬಹುದು. ದಿಂಬಂನಲ್ಲಿ ಗಾಡಿ ಗುದ್ದಿದ್ದಕ್ಕೆ ಚಾಮರಾಜನಗರದ ಕೋರ್ಟಿನಲ್ಲಿ, ಕನ್ನಡ ಬಲ್ಲ ವಕೀಲರ ಮೂಲಕ ಪರಿಹಾರ ಕೇಳಬಹುದು. ಆದರೆ ತಡ ಮಾಡಬೇಡಿ. 2022ರ ಏಪ್ರಿಲ್‌ನಿಂದ ಆರು ತಿಂಗಳ ಗಡುವು ಕಾನೂನಿನಲ್ಲಿ ಮತ್ತೆ ಸೇರಿದೆ. ಆ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ, ನಿಜ. ಆದರೂ ಆರು ತಿಂಗಳೊಳಗೇ ಅರ್ಜಿ ಹಾಕುವುದು ಜಾಣತನ.

"ಕಂಪನಿಗಳು ಎಲ್ಲಿ ಕೊಡ್ತಾವೆ?"

ಈ ಮಾತೂ ಕೇಳಿದ್ದೇನೆ. ಕಂಪನಿಗಳು ಪುಣ್ಯಾತ್ಮರೆಂದು ನಾನು ಹೇಳುತ್ತಿಲ್ಲ. ಮೇಲ್ಮನವಿ ಹಾಕಿಕೊಂಡು ವರ್ಷಗಟ್ಟಲೆ ಎಳೆಯುತ್ತವೆ. ಚಾಲಕನಿಗೆ ಲೈಸೆನ್ಸ್ ಇಲ್ಲ, ಅದಿಲ್ಲ ಇದಿಲ್ಲ ಎಂದು ತಕರಾರು ತೆಗೆಯುತ್ತವೆ. ಆದರೆ ಲೈಸೆನ್ಸಿನ ತಕರಾರಿದ್ದರೂ ಮೊದಲು ಗಾಯಗೊಂಡವನಿಗೆ ಹಣ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲಿ ಮಾಡಿಕೊಳ್ಳುವ ದಾರಿಯನ್ನು 2004ರಲ್ಲಿ ಸುಪ್ರೀಂ ಕೋರ್ಟ್ ತೋರಿಸಿದೆ. ವಿಮೆ ಇದ್ದರೆ ಜಗಳಕ್ಕಾದರೂ ಎದುರಿಗೆ ಒಂದು ಕಂಪನಿ ಇರುತ್ತದೆ. ಇಲ್ಲದಿದ್ದರೆ ಜಗಳಕ್ಕೂ ಗತಿಯಿಲ್ಲ.

ಸರ್ಕಾರಕ್ಕೂ ಒಂದು ಮಾತು. ಚೆಕ್‌ಪೋಸ್ಟಿನಲ್ಲಿ ಬಡವನ ಜೇಬಿನಿಂದ ಸಾವಿರ, ಎರಡು ಸಾವಿರ ಕಿತ್ತುಕೊಂಡು ವಿಮೆ ಇಲ್ಲದೆಯೇ ಮುಂದೆ ಕಳಿಸುವುದು ಯಾವ ಸೀಮೆಯ ನ್ಯಾಯ? ಮೊದಲ ಸಲ ಸಿಕ್ಕಿದವನಿಂದ ಅಲ್ಲೇ ವಿಮೆ ಕಟ್ಟಿಸಿ, ಆ ಹಣವನ್ನು ದಂಡದಲ್ಲಿ ಮುರಿದುಕೊಳ್ಳಿ. ಖಜಾನೆಗೆ ನಾಲ್ಕು ಕಾಸು ಕಡಿಮೆಯಾದೀತು, ರಸ್ತೆಗೆ ಒಂದು ವಿಮೆ ಬಂದೀತು.

ಈಗ ಮಾಡಬೇಕಾದ್ದು

ಭಾ಴ಣ ಸಾಕು, ಕೆಲಸದ ಮಾತಿಗೆ ಬರೋಣ.

ಒಂದು: ಇವತ್ತೇ ನಿಮ್ಮ ವಿಮೆ ಮುಗಿಯುವ ದಿನಾಂಕ ನೋಡಿ. ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದರೆ ಸಿಗುತ್ತದೆ. ಅಪ್ಪನ ಟೀವಿಎಸ್, ಅಕ್ಕನ ಸ್ಕೂಟಿ ಎಲ್ಲದರದ್ದೂ ನೋಡಿ.

ಎರಡು: ಗಾಡಿ ಮಾರಿದರೆ ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಸುಮ್ಮನಿರಬೇಡಿ. ದಾಖಲೆಯಲ್ಲಿ ಹೆಸರಿರುವವನೇ ಮಾಲೀಕ, ಅವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೊಂಡವರು 14 ದಿನದೊಳಗೆ ವಿಮೆಯನ್ನು ತಮ್ಮ ಹೆಸರಿಗೆ ಬದಲಾಯಿಸಲು ಅರ್ಜಿ ಕೊಡಬೇಕು.

ಮೂರು: ಹದಿನೆಂಟು ತುಂಬದ ತಮ್ಮನ ಕೈಗೆ ಬೈಕು ಕೊಡಬೇಡಿ. 2019ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ, ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಆ ಹುಡುಗನಿಗೆ 25 ವರ್ಷವಾಗುವವರೆಗೆ ಲೈಸೆನ್ಸ್ ಇಲ್ಲ.

ನಾಲ್ಕು: ಥರ್ಡ್ ಪಾರ್ಟಿ ವಿಮೆ ನಿಮ್ಮ ಜೀವಕ್ಕಲ್ಲ. ಬರೀ ಆ ಪಾಲಿಸಿ ಬೈಕಿನ ಹಿಂದೆ ಕೂತವರಿಗೂ ಅನ್ವಯಿಸದು ಎಂದು 2006ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಮಾಲೀಕ-ಚಾಲಕರಿಗೆ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆ ಬೇರೆ ಇದೆ. ಹಿಂದೆ ಕೂರುವ ಗೆಳೆಯನಿಗೆ, ಹೆಂಡತಿಗೆ ರಕ್ಷಣೆ ಇದೆಯೇ ಎಂದು ಹಣ ಕಟ್ಟುವ ಮುಂಚೆ ಕೇಳಿ. ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಉತ್ತರ ಪಡೆಯಿರಿ.

ಐದು: ಸಂಘಟನೆಯ ಗೆಳೆಯರಿಗೆ. ಮುಂದಿನ ರಾಜ್ಯೋತ್ಸವದ ಬೈಕ್ ಮೆರವಣಿಗೆ ಹೊರಡುವ ಜಾಗದಲ್ಲಿ ಒಂದು ಮೇಜು ಹಾಕಿ. ಬಾವುಟ ಕೊಡುವ ಮುಂಚೆ ವಿಮೆ ನೋಡಿ. ಮುಗಿದಿದ್ದರೆ ಅಲ್ಲೇ ಕಟ್ಟಿಸಿ. ಕಾಸಿಲ್ಲದ ಹುಡುಗನಿಗೆ, ಫ್ಲೆಕ್ಸಿಗೆ ಎತ್ತಿಟ್ಟ ದುಡ್ಡಿನಲ್ಲಿ 714 ರೂಪಾಯಿ ತೆಗೆದುಕೊಡಿ. ಫ್ಲೆಕ್ಸ್ ಮಾಡುವವನು ನಾನೇ ಹೇಳುತ್ತಿದ್ದೇನೆ, ಒಂದು ಫ್ಲೆಕ್ಸ್ ಕಡಿಮೆಯಾದರೆ ಕನ್ನಡಕ್ಕೇನೂ ನಷ್ಟವಿಲ್ಲ.

ನಾವು ಯಾರಿಗಾಗಿ ಕನ್ನಡ ಕನ್ನಡ ಎಂದು ಗಂಟಲು ಹರಿದುಕೊಳ್ಳುತ್ತೇವೆ? ಹಂಗಳದ ರಸ್ತೆ ಬದಿಯಲ್ಲಿ ಹುಲ್ಲಿನ ಹೊರೆ ಹೊತ್ತು ಬರುವ ಆ ಹೆಂಗಸಿಗಾಗಿ ತಾನೇ? ಅವಳು ಆಡುವುದು ಕನ್ನಡ. ಬೇರೆ ಭಾಷೆ ಅವಳಿಗೆ ಬರುವುದಿಲ್ಲ. ನಿಮ್ಮ ಬೈಕಿನ ಸ್ಟಿಕ್ಕರ್ ಅವಳು ಓದುವುದಿಲ್ಲ. ನಿಮ್ಮ ಗಾಡಿ ಅವಳಿಗೆ ತಾಗಿದ ದಿನ ಅವಳ ಮಕ್ಕಳು ನಿಮ್ಮಲ್ಲಿ ಕೇಳುವುದು ಒಂದೇ ಕಾಗದ. ಅದನ್ನು ಇವತ್ತೇ ಮಾಡಿಸಿ ಇಟ್ಟುಕೊಳ್ಳಿ.